ಕೋದಂಡ ಅಂದ್ರೆ ಬಿಲ್ಲು ಮಾತ್ರ ಅಲ್ಲ

ಮಡಿಕೇರಿ, 18 ಜುಲೈ 2024, ಗುರುವಾರ

ಇವತ್ತೂ ಮಳೆ ರಜೆ. ಕರೆಂಟ್ ಬೆಳಿಗ್ಗೆಯೇ ಹೋಗಿತ್ತು. ಮೊಬೈಲ್ ಚಾರ್ಜ್ ಮುಗಿದ ಮೇಲೆ ಮಗಳು ನನ್ನ ಅಪ್ಪನ ತಲೆ ತಿನ್ನಲು ಕೂತಳು.

"ತಾತ, ಕೋದಂಡರಾಮ ದೇವಸ್ಥಾನಕ್ಕೆ ಆ ಹೆಸರು ಯಾಕೆ?"

ನಮ್ಮೂರ ದಸರಾ ಮೆರವಣಿಗೆಯ ಹತ್ತು ಮಂಟಪಗಳಲ್ಲಿ ಆ ದೇವಸ್ಥಾನದ್ದೂ ಒಂದು. ಪ್ರತಿ ವರ್ಷ ನೋಡುತ್ತಾಳೆ, ಹೆಸರು ಈಗ ತಲೆಗೆ ಹೋಗಿದೆ. ಕೋದಂಡ ಅಂದ್ರೆ ರಾಮನ ಬಿಲ್ಲು ಅಂತ ನಾನೇ ಹೇಳಿದೆ. ಅಪ್ಪ ನಕ್ಕರು.

"ನಮ್ಮ ತಾತ ಕಂಡ ಕೋದಂಡ ಬೇರೆ."

ಅಪ್ಪನ ತಾತ ಅರಕಲಗೂಡು ಕಡೆಯವರು. ಓದಿದ್ದು ಕೂಲಿಮಠದಲ್ಲಿ, ಅಂದರೆ ಆಗಿನ ಹಳ್ಳಿ ಶಾಲೆಯಲ್ಲಿ. ಊರವರು ಕೊಟ್ಟ ಅಕ್ಕಿ, ರಾಗಿ, ಕಾಸೇ ಐಗಳಿಗೆ (ಮೇಷ್ಟರಿಗೆ) ಸಂಬಳ. ಮರಳಿನ ಮೇಲೆ ಬೆರಳಲ್ಲಿ ಅಕ್ಷರ ತಿದ್ದಬೇಕು, ಮಗ್ಗಿ ಬಾಯಿಪಾಠ ಒಪ್ಪಿಸಬೇಕು. ತಪ್ಪಿದರೆ, ಮಠ ತಪ್ಪಿಸಿದರೆ ಕೋದಂಡ. ಅಂದರೆ ಜಂತಿಯಿಂದ ಒಂದು ಹಗ್ಗ ಇಳಿಬಿಟ್ಟಿರುತ್ತದೆ. ಹುಡುಗ ಎರಡೂ ಕೈಯಲ್ಲಿ ಅದನ್ನು ಹಿಡಿದು ನೇತಾಡಬೇಕು. ಕಾಲು ನೆಲಕ್ಕೆ ತಾಗುವ ಹಾಗಿಲ್ಲ. ಕೈ ಜಾರಿದರೆ ಬೆತ್ತ ಕಾದಿರುತ್ತದೆ.

ಅಪ್ಪನ ತಾತನಿಗೆ ಐಗಳಿಗಿಂತ ಹಗ್ಗದ ಮೇಲೇ ಸಿಟ್ಟು ಜಾಸ್ತಿ ಇತ್ತಂತೆ. ತೆಂಗಿನ ನಾರಿನದು. ಅಂಗೈ ಸುಲಿದು, ರಾತ್ರಿ ಮುದ್ದೆ ಮುರಿದು ಸಾರಿಗೆ ಅದ್ದುವಾಗ ಉರಿ ಕಣ್ಣಲ್ಲಿ ನೀರು ತರಿಸುತ್ತಿತ್ತು. ಮನೆಯಲ್ಲಿ ಹೇಳಿದರೆ ಅಲ್ಲೂ ಏಟು. ಹಾಗಾಗಿ ಸುಮ್ನೆ ಉಣ್ಣುವುದು.

ಬಿಲ್ಲಿನ ಹೆಸರು ಹಗ್ಗಕ್ಕೆ ಹೇಗೆ ಬಂತು? ಕೋದಂಡ ಸಂಸ್ಕೃತದ ಪದ, ಮೂಲ ಅರ್ಥ ಬಿಲ್ಲೇ. ತಮಿಳು, ತೆಲುಗು ಮಠಗಳಲ್ಲೂ ಈ ಶಿಕ್ಷೆಗೆ ಇದೇ ಹೆಸರಿತ್ತು. ನೇತಾಡುವ ಮೈ ಬಿಲ್ಲಿನ ಹಾಗೆ ಬಾಗುತ್ತೆ, ಅದಕ್ಕೇ ಇರಬೇಕು ಅನ್ನುವುದು ಮಗಳ ವಾದ. ಪದದ ಬಾಲದಲ್ಲಿ 'ದಂಡ' ಕೂತಿದೆಯಲ್ಲ, ಶಿಕ್ಷೆ ಅಂತ ಕಿವಿಗೆ ಕೇಳಿಸಿದ್ದೇ ಸಾಕಾಗಿರಬಹುದು ಅಂತ ನನ್ನ ಊಹೆ. ಅಪ್ಪನದು ಇನ್ನೂ ಸುಲಭ: "ಕೋ, ದಂಡ!" ಅಂದರೆ ತಗೋ ದಂಡ. ಇದು ಬರೀ ತಮಾಷೆ, ಯಾರೂ ನಂಬಬೇಡಿ.

ಈಗ ಶಾಲೆಯಲ್ಲಿ ಮಕ್ಕಳಿಗೆ ಹೊಡೆಯುವ ಹಾಗೇ ಇಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಅದನ್ನು ನಿಷೇಧಿಸಿದೆ. ಆದರೆ ನಾನು ಓದುವಾಗ ಬಸ್ಕಿ, ಛಡಿ ಏಟು ಎರಡನ್ನೂ ಧಾರಾಳವಾಗಿ ತಿಂದಿದ್ದೇನೆ.

ಸಂಜೆ ಮಗಳು ಜಗಲಿಯ ಉಯ್ಯಾಲೆ ಮಣೆ ತೆಗೆಸಿ, ಹಗ್ಗ ಹಿಡಿದು ಕಾಲು ಮಡಚಿ ನೇತಾಡಿದಳು. ಅಪ್ಪ ಎಣಿಸಿದರು. 14ಕ್ಕೆ ಕೈ ಬಿಟ್ಟಳು. ನೈಲಾನ್ ಹಗ್ಗ, ಆದರೂ ಅಂಗೈ ಕೆಂಪಾಗಿತ್ತು.

"ಆಗ ಅವರಿಗೆ ಎಷ್ಟು ವರ್ಷ, ತಾತ?"

"ಎಂಟೋ ಒಂಬತ್ತೋ."

"ನನಗಿಂತ ಚಿಕ್ಕವರಾ?" ಅಂದಳು. ಮತ್ತೆ ಹಗ್ಗ ಮುಟ್ಟಲಿಲ್ಲ.