ನೀರು ಇಳಿದಿರುತ್ತದೆ ಕಾಕಾ

‘ನೀರು ಇಳಿದಿರುತ್ತದೆ ಕಾಕಾ.’

ಭಾನುವಾರ ಸಂಜೆ ತುಂಗಭದ್ರಾ ಹಿನ್ನೀರಿನ ದಡದಲ್ಲಿ ಮೀನು ಕೊಳ್ಳುವ ಹುಡುಗ ಆಡಿದ ಮಾತು ಇದು. ಮೀನು ಹಿಡಿದು ಮಾರುವ ಕಾಕಾ ಅದಕ್ಕೆ ‘ಇಳಿದಿರಬಹುದು’ ಎಂದರು. ಇಬ್ಬರೂ ದನಿ ಏರಿಸಲಿಲ್ಲ, ಒಬ್ಬರ ಮುಖವನ್ನು ಒಬ್ಬರು ನೋಡಲೂ ಇಲ್ಲ. ವಾರ ಮುಗಿಯುತ್ತಾ ಬಂದರೂ ಆ ಎರಡು ಮಾತುಗಳು ನನ್ನನ್ನು ಬಿಟ್ಟಿಲ್ಲ. ಕಚೇರಿಯಲ್ಲಿ ಕಡತ ಬಿಚ್ಚಿದರೂ ಅದೇ, ರಾತ್ರಿ ಊಟಕ್ಕೆ ಕುಳಿತರೂ ಅದೇ.

ನನ್ನ ಅಕ್ಕನ ಮಗನಿಗೆ ಗಾಳದ ಹುಚ್ಚು. ಬೆಂಗಳೂರಿನಲ್ಲಿ ಕೆಲಸ, ರಜೆ ಸಿಕ್ಕರೆ ನೀರು ಹುಡುಕಿಕೊಂಡು ಹೊರಡುತ್ತಾನೆ. ಕಳೆದ ವರ್ಷ ಥಾಯ್ಲೆಂಡಿಗೆ ಹೋಗಿ, ಅಲ್ಲಿಯ ಖಾಸಗಿ ಕೆರೆಯೊಂದರಲ್ಲಿ ದಿನಕ್ಕಿಷ್ಟೆಂದು ಹಣ ತೆತ್ತು, ಪಕ್ಕದಲ್ಲಿ ಮಾರ್ಗದರ್ಶಕನನ್ನು ಕೂರಿಸಿಕೊಂಡು ದೈತ್ಯ ಮೀನುಗಳನ್ನು ಹಿಡಿದು, ಮತ್ತೆ ನೀರಿಗೆ ಬಿಟ್ಟು ಬಂದಿದ್ದಾನೆ. ಕೊಪ್ಪಳದಿಂದ ಹೊರಟ ಕಾರಿನಲ್ಲಿ ದಾರಿಯುದ್ದಕ್ಕೂ ಅದೇ ಕಥೆ. ಅಮೆಜಾನ್ ನದಿಯ ಅರಪೈಮಾವನ್ನು ಅಲ್ಲಿಯ ಕೆರೆಗಳಲ್ಲಿ ಸಾಕಿದ್ದಾರಂತೆ. ಕಿವಿರಿದ್ದರೂ ಆ ಮೀನು ಮೇಲೆ ಬಂದು ಗಾಳಿ ಎಳೆದುಕೊಳ್ಳದೆ ಬದುಕಲಾರದು. ಗಾಳಕ್ಕೆ ಸಿಕ್ಕು ದಣಿದ ಅರಪೈಮಾವನ್ನು ಹಾಗೆಯೇ ಬಿಟ್ಟರೆ ಉಸಿರು ಸಿಗದೆ ನೀರಿನಲ್ಲೇ ಸಾಯಬಹುದು. ಅದಕ್ಕಾಗಿ ಮಾರ್ಗದರ್ಶಕ ನೀರಿಗಿಳಿದು, ಅದು ಚೇತರಿಸಿಕೊಳ್ಳುವವರೆಗೆ ತೋಳಿನ ಮೇಲೆ ಆನಿಸಿಕೊಂಡು ನಿಲ್ಲುತ್ತಾನೆ. ಇನ್ನೊಂದು ಮೆಕಾಂಗ್ ನದಿಯ ದೈತ್ಯ ಕ್ಯಾಟ್‌ಫಿಶ್. 2005ರಲ್ಲಿ ಉತ್ತರ ಥಾಯ್ಲೆಂಡಿನಲ್ಲಿ ಸಿಕ್ಕಿದ್ದು 293 ಕಿಲೋ ತೂಗಿತ್ತು. ನದಿಯಲ್ಲಿ ಅದು ಅಳಿವಿನ ಅಂಚಿಗೆ ಬಂದಿದೆ, ಸಾಕಿದ ಕೆರೆಗಳಲ್ಲಿ ಮಾತ್ರ ಗಾಳ ಹಾಕುವವರಿಗೆ ಸಿಗುತ್ತದೆ. ಮೀನಿನ ಮೈಯ ಲೋಳೆ ಕಿತ್ತು ಹೋಗಬಾರದೆಂದು ಒದ್ದೆ ಮಾಡಿದ ಜೋಲಿಯಲ್ಲಿಟ್ಟು ತೂಗುತ್ತಾರೆ. ಅಂಥದ್ದೊಂದು ಜೋಲಿಯನ್ನೂ, ಕೈಯಲ್ಲಿ ತೂಗಿ ಹಿಡಿಯುವ ಡಿಜಿಟಲ್ ತಕ್ಕಡಿಯನ್ನೂ ಅವನು ಜೊತೆಗೆ ತಂದಿದ್ದ.

ಕಾಕಾ ಪರವಾನಗಿ ಇರುವ ಮೀನುಗಾರರು. ದಿನದ ಕೂಲಿ ಕೊಡುತ್ತೇವೆ, ಸಿಕ್ಕ ಮೀನೂ ನಿಮ್ಮದೇ ಎಂದು ಮೊದಲೇ ಮಾತಾಗಿತ್ತು. ನಾವು ತಲುಪುವ ಹೊತ್ತಿಗೆ ಅವರು ಹರಿಗೋಲನ್ನು ನೀರಿಗೆ ಸರಿಸಿ, ದಡದಲ್ಲಿ ಕುಳಿತು ಹಿಟ್ಟು ಕಲಸುತ್ತಿದ್ದರು. ಅಕ್ಕಿ ತೌಡು, ಶೇಂಗಾ ಹಿಂಡಿಯ ಪುಡಿ, ಒಂದಿಷ್ಟು ಬೆಲ್ಲದ ನೀರು. ಅಳಿಯ ಅದನ್ನು ಮೂಸಿ ನೋಡಿ ಬೆರಗಾದ. ಥಾಯ್ಲೆಂಡಿನ ಕೆರೆಯಲ್ಲಿಯೂ ದೊಡ್ಡ ಮೀನಿಗೆ ತೌಡು, ಬ್ರೆಡ್ಡಿನ ಪುಡಿಯ ಉಂಡೆಯನ್ನೇ ಇಡುತ್ತಾರಂತೆ. ‘ಹಾಗಾದರೆ ಅಲ್ಲಿಯ ಮೀನಿಗೂ ನಮ್ಮ ಮೀನಿಗೂ ಹಸಿವು ಒಂದೇ’ ಎಂದರು ಕಾಕಾ.

ಉಂಡೆಯ ಹದವನ್ನು ಅವರು ನೋಡಿದ ಬಗೆಯನ್ನು ಹೇಳಲೇಬೇಕು. ನಿಂಬೆಗಾತ್ರದ ಒಂದು ಉಂಡೆಯನ್ನು ಮೊಣಕಾಲುದ್ದದ ನೀರಿನಲ್ಲಿ ಬಿಟ್ಟು, ಅದು ಕರಗುವುದನ್ನು ನೋಡುತ್ತಾ ಕುಳಿತರು. ಬೇಗ ಒಡೆದು ಹೋಯಿತೆಂದು ಇನ್ನಷ್ಟು ಹಿಂಡಿ ಬೆರೆಸಿದರು. ಮುಂದಿನದು ಅಂಚಿನಿಂದ ಹೊಗೆಯಾಡುತ್ತಾ ಸಾವಕಾಶವಾಗಿ ಬಿಚ್ಚಿಕೊಂಡಿತು. ಕಾಟ್ಲಾ ಎಂಬ ಗೆಂಡೆ ಜಾತಿಯ ಮೀನಿಗೆ ದವಡೆಯಲ್ಲಿ ಹಲ್ಲಿಲ್ಲ, ಅದು ಕಚ್ಚುವುದಿಲ್ಲ, ನೀರಿನಲ್ಲಿ ಹರಡಿದ ಸಣ್ಣದ್ದನ್ನೆಲ್ಲ ಬಾಯಿ ತೆರೆದು ಹೀರಿಕೊಳ್ಳುತ್ತದೆ. ಉಂಡೆ ಕರಗಿ ಆ ಹೊಗೆಯ ನಡುವೆ ಗಾಳ ತೇಲಬೇಕು. ಇದನ್ನು ಅವರು ಯಾವ ಪುಸ್ತಕದಿಂದಲೂ ಕಲಿತವರಲ್ಲ. ಇಂಥ ತಿಳಿವಳಿಕೆಯನ್ನು ನಾವು ಅನುಭವ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ನನ್ನ ಮಟ್ಟಿಗೆ ಅದು ವಿದ್ಯೆ.

ಹರಿಗೋಲು ನಡುನೀರಿಗೆ ಬಂದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ದೂರದ ಕೆಸರು ದಂಡೆಯಲ್ಲಿ ಹಿಮಾಲಯ ದಾಟಿ ಬಂದ ಪಟ್ಟೆತಲೆಯ ಹೆಬ್ಬಾತುಗಳು ಮೇಯುತ್ತಿದ್ದವು. ಗಾಳ ಇಳಿಬಿಟ್ಟು ಕಾಯುವ ಹೊತ್ತಿನಲ್ಲಿ ಅಳಿಯ ದೊಡ್ಡ ಮೀನುಗಳ ಕಥೆ ಮುಂದುವರಿಸಿದ. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ 54 ಕಿಲೋ ತೂಗಿತ್ತು. ಗಾಳ ಹಾಕುವವರ ಬಾಯಲ್ಲಿ ಆ ಅಂಕಿ ಇಂದಿಗೂ ಇದೆ. ‘ನೀವು ಹಿಡಿದ ಅತಿ ದೊಡ್ಡ ಮೀನು ಎಷ್ಟು ಕಿಲೋ ಕಾಕಾ?’ ಎಂದು ಕೇಳಿದ.

ಕಾಕಾ ಹುಟ್ಟನ್ನು ಅಡ್ಡವಿಟ್ಟು ಸ್ವಲ್ಪ ಹೊತ್ತು ಯೋಚಿಸಿದರು. ಒಂದು ಬಾಳೆ ಮೀನು, ಹೆಗಲಿಗೆ ಹಾಕಿಕೊಂಡರೆ ಬಾಲ ಮೊಣಕಾಲಿಗೆ ತಾಗುತ್ತಿತ್ತು ಎಂದರು. ತೂಕ? ‘ತೂಗಿದ್ದು ನಾನಲ್ಲವಲ್ಲ. ಇಪ್ಪತ್ತೆರಡು ಎಂದು ಸಾಹುಕಾರ ಬರೆದುಕೊಂಡಿದ್ದ.’

ಆಗ ಅದು ನನಗೆ ವಿಶೇಷವೆನಿಸಲಿಲ್ಲ.

ಬೆಂಡು ಅಲ್ಲಾಡಿದ್ದು ಹತ್ತು ಗಂಟೆಯ ಸುಮಾರಿಗೆ. ಅಳಿಯ ಕೋಲು ಎತ್ತುವ ಮೊದಲೇ ಕಾಕಾ ‘ತಡೆ, ತಡೆ’ ಎಂದು ಅವನ ಮಣಿಕಟ್ಟು ಹಿಡಿದರು. ಮತ್ತೊಮ್ಮೆ ಬೆಂಡು ಓರೆಯಾಗಿ ಮುಳುಗಿದಾಗ ಕೈ ಬಿಟ್ಟರು. ಆಮೇಲೆ ದಾರ ಚೀರುತ್ತಾ ಬಿಚ್ಚಿಕೊಂಡಿತು, ಹರಿಗೋಲು ತನ್ನ ಸುತ್ತಲೇ ಒಂದು ಸುತ್ತು ತಿರುಗಿ ಮೀನು ಹೋದತ್ತ ಜಾರತೊಡಗಿತು. ಕಾಕಾ ಹುಟ್ಟನ್ನು ಬರೀ ಚುಕ್ಕಾಣಿಯಂತೆ ಹಿಡಿದು, ಮೀನು ಎಳೆದ ಕಡೆಗೆ ನಮ್ಮನ್ನು ಬಿಟ್ಟುಕೊಟ್ಟರು. ಎದುರು ಎಳೆದರೆ ಕಾಟ್ಲಾದ ಮೆತ್ತನೆಯ ತುಟಿ ಹರಿಯುತ್ತದೆ. ಜಗ್ಗಾಟ ಬಹಳ ಹೊತ್ತು ನಡೆಯಿತು. ಕೊನೆಗೆ ದೊಡ್ಡ ತಲೆ, ಮೇಲಕ್ಕೆ ತಿರುಗಿದ ಬಾಯಿ, ಕಡುಬೂದು ಬೆನ್ನು ನೀರಿನ ಮೇಲೆ ಮೂಡಿತು. ಜೋಲಿಯಲ್ಲಿ ಇಟ್ಟು ತೂಗಿ, ಜೋಲಿಯ ತೂಕ ಕಳೆದಾಗ ತಕ್ಕಡಿ 13.6 ಎಂದು ತೋರಿಸಿತು.

ಅಳಿಯನ ಸಂತೋಷವನ್ನು ಬಣ್ಣಿಸುವುದಿಲ್ಲ, ಊಹಿಸಿಕೊಳ್ಳಬಹುದು. ನಾನು ನೋಡುತ್ತಿದ್ದದ್ದು ಕಾಕಾರನ್ನು. ಅವರು ಬಗ್ಗಿ, ಕಣ್ಣು ಕಿರಿದು ಮಾಡಿ ಆ ಅಂಕಿಯನ್ನು ಓದಿದರು. ‘ಇನ್ನೊಮ್ಮೆ ತೂಗು ತಮ್ಮಾ’ ಎಂದರು. ಮತ್ತೆ 13.6. ಜೋಲಿಯೊಳಗೆ ಕೈ ಹಾಕಿ ಮೀನಿನ ಹೊಟ್ಟೆಯ ಕೆಳಗೆ ಅಂಗೈಯಿಟ್ಟು ತಾವೂ ಎತ್ತಿ ನೋಡಿದರು. ಏನೋ ತಾಳೆ ಹಾಕುತ್ತಿದ್ದಾರೆ ಅನಿಸಿತು. ಬಿಡಬೇಕೆಂಬ ಆಸೆ ಅಳಿಯನಿಗಿತ್ತು, ಆದರೆ ಮೀನು ಕಾಕಾರದು, ಅವರು ಮಾರುತ್ತೇನೆಂದರು. ಅದು ಅವರ ಅನ್ನ. ಇದರಲ್ಲಿ ಚರ್ಚೆಗೆ ಜಾಗವಿಲ್ಲ.

ಸಂಜೆ ದಡದಲ್ಲಿ ಹುಡುಗ ಐಸ್ ಪೆಟ್ಟಿಗೆ ಹೇರಿದ ಗಾಡಿಯೊಂದಿಗೆ ಕಾಯುತ್ತಿದ್ದ. ಸಾಹುಕಾರನ ಮಗ, ಅಳಿಯನಷ್ಟೇ ವಯಸ್ಸು. ನಗುಮೊಗದವನು, ನಮಗೆ ಚಹಾ ತರಿಸಲೇ ಎಂದು ಕೇಳಿದ. ಕಾಟ್ಲಾವನ್ನು ತನ್ನ ತಕ್ಕಡಿಯ ಮೇಲಿಟ್ಟ. 11.8.

‘ಇದು ಹದಿಮೂರೂವರೆಗೂ ಮೇಲಿತ್ತಲ್ಲ!’ ಎಂದ ಅಳಿಯ.

ಹುಡುಗ ಅವನ ಕಡೆ ನೋಡದೆ, ಪಟ್ಟಿಯಲ್ಲಿ ಬರೆದುಕೊಳ್ಳುತ್ತಲೇ ಹೇಳಿದ: ‘ನೀರು ಇಳಿದಿರುತ್ತದೆ ಕಾಕಾ.’

‘ಇಳಿದಿರಬಹುದು.’

ಒಂದು ಕಿಲೋ ಎಂಟುನೂರು ಗ್ರಾಂ. ಅಷ್ಟು ನೀರು ಯಾವ ಮೀನಿನಿಂದ ಇಳಿಯುತ್ತದೆ? ಅಳಿಯ ತನ್ನ ತಕ್ಕಡಿ ತೆಗೆಯಲು ಚೀಲಕ್ಕೆ ಕೈ ಹಾಕಿದಾಗ ಕಾಕಾ ಅವನ ಮಣಿಕಟ್ಟು ಹಿಡಿದರು, ಬೆಳಿಗ್ಗೆ ಹರಿಗೋಲಿನಲ್ಲಿ ಹಿಡಿದ ಹಾಗೆಯೇ. ಆದರೆ ಈ ಬಾರಿ ಬಿಡಲಿಲ್ಲ.

ಗಾಡಿ ಹೋದ ಮೇಲೆ ಚಹಾದಂಗಡಿಯ ಕಟ್ಟೆಯಲ್ಲಿ ಕಾಕಾ ತಾವಾಗಿಯೇ ಹೇಳಿದರು. ಬಲೆಗೆ ಮುಂಗಡ ಕೊಟ್ಟವನು ಸಾಹುಕಾರ. ಸೊಸೆಯ ಹೆರಿಗೆಯ ರಾತ್ರಿ ಗಾಡಿ ಕಳಿಸಿದವನೂ ಅವನೇ. ‘ನಾನು ತಕ್ಕಡಿ ಕೇಳಿದರೆ ಅವನು ಬಲೆ ಕೇಳುತ್ತಾನೆ’ ಎಂದರು. ಮೋಸ ಗೊತ್ತಿಲ್ಲದವರ ಮಾತಲ್ಲ ಅದು. ಕೈಯಲ್ಲೆತ್ತಿದ ಮೀನಿನ ತೂಕ ಅವರಿಗೆ ಯಾವಾಗಲೂ ಗೊತ್ತು. ಆ ಅಂದಾಜಿಗೆ ಅಂಕಿಯ ಸಾಕ್ಷಿ ಸಿಕ್ಕಿದ್ದು ಮಾತ್ರ ಈ ಭಾನುವಾರ.

ಸಾಹುಕಾರ ಕೆಟ್ಟವನೆಂದು ಬರೆದು ಕೈತೊಳೆದುಕೊಳ್ಳಲು ನನಗೆ ಆಗುತ್ತಿಲ್ಲ. ಕಷ್ಟಕ್ಕೆ ಒದಗುವ ಮನುಷ್ಯನೇ ಅವನು. ನನ್ನನ್ನು ಕಾಡುವುದು ಅದೇ. ಒದಗಿದ್ದಕ್ಕೆ ಬಡ್ಡಿಯನ್ನು ಬಾಯಿಬಿಟ್ಟು ಕೇಳಿದ್ದರೆ ಅದೊಂದು ಲೆಕ್ಕವಾಗುತ್ತಿತ್ತು, ಎಂದಾದರೂ ತೀರುತ್ತಿತ್ತು. ತಕ್ಕಡಿಯಲ್ಲಿ ಹಿಡಿದುಕೊಂಡ ಬಡ್ಡಿಗೆ ಕೊನೆಯೇ ಇಲ್ಲ. ಏಳೆಂಟು ಮೀನಿಗೆ ಒಂದು ಮೀನು, ವರ್ಷವಿಡೀ. ಆ ಹುಡುಗ ಪ್ರೀತಿಯಿಂದಲೇ ‘ಕಾಕಾ’ ಎಂದ ಎಂಬುದೂ ನನಗೆ ಗೊತ್ತು. ಅಪ್ಪನಿಂದ ಅವನು ಗಾಡಿಯನ್ನು ಪಡೆದಂತೆ ಆ ಮಾತನ್ನೂ ಪಡೆದಿದ್ದಾನೆ.

ನನ್ನ ತಂದೆ ಹತ್ತಿ ಬೆಳೆಯುತ್ತಿದ್ದರು. ಮಾರುಕಟ್ಟೆಯಲ್ಲಿ ತೇವ ಹೆಚ್ಚಿದೆ ಎಂದು ತೂಕದಲ್ಲಿ ಕಡಿತ ಮಾಡುತ್ತಿದ್ದರು. ಅಪ್ಪ ಸುಮ್ಮನೆ ಪಟ್ಟಿ ಮಡಚಿ ಜೇಬಿಗಿಡುತ್ತಿದ್ದರು. ಹತ್ತಿಗೆ ತೇವ ಹೆಚ್ಚಿದೆ ಎಂದು ಕಡಿತ, ಮೀನಿಗೆ ತೇವ ಇಳಿದಿದೆ ಎಂದು ಕಡಿತ. ಬೆಳೆದವನ, ಹಿಡಿದವನ ಕೈಯಲ್ಲಿ ತಕ್ಕಡಿ ಇಲ್ಲದಿದ್ದರೆ ಕಾರಣ ಯಾವುದಾದರೂ ಆದೀತು. ಅಪ್ಪನ ಆ ಮೌನವನ್ನು ನಾನು ಬಹಳ ಕಾಲ ಸಾಧು ಸ್ವಭಾವವೆಂದು ತಿಳಿದಿದ್ದೆ. ‘ಇಳಿದಿರಬಹುದು’ ಎಂದ ಕಾಕಾರ ಮುಖ ನೋಡಿದ ಮೇಲೆ ಅದು ಸ್ವಭಾವವಲ್ಲ, ಸಾಲ ಎಂದು ಅರ್ಥವಾಗಿದೆ.

ಈ ಜಲಾಶಯದಷ್ಟು ಲೆಕ್ಕವಿಡುವ ನೀರು ನಮ್ಮ ಭಾಗದಲ್ಲಿ ಬೇರೊಂದಿಲ್ಲ. ಕಟ್ಟಿದಾಗ 133 ಟಿಎಂಸಿ ಇದ್ದ ಸಾಮರ್ಥ್ಯ ಹೂಳು ತುಂಬಿ 105.788ಕ್ಕೆ ಇಳಿದಿದೆ ಎಂದು ದಶಮಾಂಶದ ಮೂರನೆಯ ಸ್ಥಾನದವರೆಗೆ ಅಳೆದಿದ್ದಾರೆ. ಒಳಹರಿವು, ಹೊರಹರಿವು ದಿನಾ ಬೆಳಿಗ್ಗೆ ಪತ್ರಿಕೆಯಲ್ಲಿ ಬರುತ್ತದೆ. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗ, ಎಷ್ಟು ನೀರು ಹರಿದು ಹೋಯಿತು ಎಂಬುದನ್ನು ಗಂಟೆಗಂಟೆಗೂ ಓದಿ ನಾವೆಲ್ಲ ಸಂಕಟಪಟ್ಟೆವು. ಭತ್ತದ ಗದ್ದೆಯಿದ್ದವರಿಗೆ ಆ ಅಂಕಿ ಬದುಕಿನ ಪ್ರಶ್ನೆಯೇ ಆಗಿತ್ತು, ಸಂಕಟ ಸಹಜ. ಮೀನಿನ ಮರಿ ಬಿಡುವಾಗಲೂ ಎಷ್ಟು ಬಿಟ್ಟೆವು ಎಂಬ ಲೆಕ್ಕವಿದೆ. ಕಾಟ್ಲಾ ಉತ್ತರದ ನದಿಗಳಿಂದ ಬಂದ ಮೀನು, ನಿಂತ ನೀರಿನಲ್ಲಿ ತಾನಾಗಿ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ವಿಜ್ಞಾನಿ ಹೀರಾಲಾಲ್ ಚೌಧರಿ ಅವರು ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದ್ದರಿಂದಲೇ ಇಂದು ದೇಶದ ಕೆರೆಕಟ್ಟೆಗಳಿಗೆಲ್ಲ ಮರಿ ಸಿಗುತ್ತಿದೆ; ಆ ದಿನವನ್ನು ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ವಿಜ್ಞಾನಿಯ ಶ್ರಮಕ್ಕೆ, ಮರಿಗೆ, ನೀರಿಗೆ, ಹೂಳಿಗೆ ಎಲ್ಲಕ್ಕೂ ಅಳತೆ ಇದೆ. ಆ ಮೀನು ದಡಕ್ಕೆ ಬಂದು ಕಾಕಾರ ಕೂಲಿಯಾಗುವ ಒಂದು ಗಳಿಗೆಯಲ್ಲಿ ಮಾತ್ರ ಅಳತೆ ಇನ್ನೊಬ್ಬರ ಬಾಯಿಮಾತು.

ಥಾಯ್ಲೆಂಡಿನಲ್ಲಿ ಮೀನನ್ನು ಅಷ್ಟು ಜೋಪಾನವಾಗಿ ತೂಗುವುದು ಒಂದು ಫೋಟೋಗಾಗಿ, ಹಿಡಿದವನ ಸಂತೋಷಕ್ಕಾಗಿ. ಅದರಲ್ಲಿ ತಪ್ಪಿಲ್ಲ. ಅಷ್ಟೇ ಜೋಪಾನ ನಮ್ಮ ದಡದಲ್ಲಿಯೂ ಬೇಕು ಎಂದಷ್ಟೇ ನನ್ನ ಹಟ.

ಮನೆಗೆ ಬಂದ ರಾತ್ರಿಯೇ ಅಳಿಯನ ತಕ್ಕಡಿಯನ್ನು ಪರೀಕ್ಷಿಸಿದೆವು. ಅಂಗಡಿಯಿಂದ ಒಡೆಯದ ಐದು ಕಿಲೋ ಗೋಧಿಹಿಟ್ಟಿನ ಎರಡು ಚೀಲ ತಂದು ತೂಗಿದರೆ 5.04, 5.05, ಚೀಲದ ತೂಕವೂ ಸೇರಿ. ತಕ್ಕಡಿ ಸರಿಯಿದೆ. ಆದರೂ ಅದನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಂತೆ ಕೊಡುಕೊಳ್ಳುವ ತಕ್ಕಡಿಯನ್ನು ಇಲಾಖೆಯವರು ಪರಿಶೀಲಿಸಿ ಮುದ್ರೆ ಹಾಕಿರಬೇಕು, ಅವಧಿ ಮುಗಿದಾಗ ಮತ್ತೆ ಹಾಕಿಸಬೇಕು. ಸಾಹುಕಾರನ ತಕ್ಕಡಿಯ ಮೇಲೂ ಆ ಮುದ್ರೆ ಕಾಣಬೇಕು. ದೂರು ಕೊಡೋಣ ಎಂದು ಅಳಿಯ ಫೋನಿನಲ್ಲಿ ಕಾಕಾರಿಗೆ ಹೇಳಿದ. ಅವರು ಒಪ್ಪಲಿಲ್ಲ. ‘ನನ್ನೊಬ್ಬನ ಹೆಸರು ಬೇಡ ತಮ್ಮಾ. ಊರಿಗೆಲ್ಲ ಒಂದು ತಕ್ಕಡಿ ಬರಲಿ, ಎಲ್ಲರ ಮೀನೂ ಅದರ ಮೇಲೆ ಕೂರಲಿ.’

ನಮ್ಮಿಬ್ಬರಿಗಿಂತ ಅವರಿಗೆ ಊರು ಚೆನ್ನಾಗಿ ಗೊತ್ತು. ಒಬ್ಬನ ದೂರು ಜಗಳವಾಗುತ್ತದೆ, ಎಲ್ಲರ ತಕ್ಕಡಿ ರೂಢಿಯಾಗುತ್ತದೆ. ಬುಧವಾರ ಕೊಪ್ಪಳದ ಅಂಗಡಿಯಲ್ಲಿ ಮುದ್ರೆಯಿರುವ ತಕ್ಕಡಿಯ ಬೆಲೆ ಕೇಳಿ ಬಂದೆ. ಅರ್ಧ ಹಣ ಅಳಿಯ ಕೊಡುತ್ತಾನೆ. ಉಳಿದದ್ದನ್ನು ಹಿನ್ನೀರಿನವರೇ ಹಾಕಬೇಕೆಂಬುದು ಕಾಕಾರ ಷರತ್ತು, ಪುಕ್ಕಟೆ ಬಂದದ್ದನ್ನು ಯಾರೂ ತಮ್ಮದೆನ್ನುವುದಿಲ್ಲವಂತೆ. ಗಂಗಮ್ಮನ ಗುಡಿಯ ಕಟ್ಟೆಯ ಮೇಲೆ, ಹರಿಗೋಲಿನಿಂದ ಇಳಿದವರು ಗಾಡಿಯ ಹತ್ತಿರ ಹೋಗುವ ಮೊದಲೇ ಸಿಗುವ ಜಾಗದಲ್ಲಿ ಅದನ್ನು ಇಡುವುದೆಂದು ಮಾತಾಗಿದೆ. ಪಕ್ಕದಲ್ಲಿ ಒಂದು ನೋಟ್‌ಬುಕ್. ತೂಕ ಬರೆಯುವ ಕೆಲಸವನ್ನು ಹೈಸ್ಕೂಲಿಗೆ ಹೋಗುವ ಕಾಕಾರ ಮೊಮ್ಮಗಳು ಒಪ್ಪಿಕೊಂಡಿದ್ದಾಳೆ. ಆ ತೂಕಕ್ಕೆ ಸಾಹುಕಾರ ಹಣ ಕೊಡುತ್ತಾನೋ ಇಲ್ಲವೋ ನೋಡಬೇಕು. ಕೊಡದಿದ್ದರೆ ಬಲೆಯ ಮುಂಗಡವನ್ನು ಎಲ್ಲರೂ ಸೇರಿ ತೀರಿಸುವ ದಾರಿಯನ್ನು ಹುಡುಕಬೇಕು, ಅದಕ್ಕೆ ಸಹಕಾರ ಸಂಘದವರೊಂದಿಗೆ ಸೋಮವಾರ ಮಾತನಾಡಲಿದ್ದೇನೆ.