ದುಗೇ-ತ್ರುವಾಂ ಇಂಪ್ಲೇಕಬಲ್ ಆದ ಬಗೆ

1805ರ ಅಕ್ಟೋಬರ್ 21ರಂದು ಬ್ರಿಟಿಷರು ಫ್ರೆಂಚ್-ಸ್ಪ್ಯಾನಿಷ್ ನೌಕಾಪಡೆಯನ್ನು ಸೋಲಿಸಿದ ಟ್ರಫಾಲ್ಗರ್ ಕಾಳಗದಿಂದ ಫ್ರೆಂಚರ ನಾಲ್ಕು ಹಡಗುಗಳು ತಪ್ಪಿಸಿಕೊಂಡು ಹೋದವು. ನವೆಂಬರ್ 4ರಂದು ಸ್ಪೇನಿನ ಒರ್ತೆಗಾಲ್ ಭೂಶಿರದ ಹತ್ತಿರ ನೌಕಾಧಿಕಾರಿ ಸ್ಟ್ರಾಚನ್‌ನ ಬ್ರಿಟಿಷ್ ಪಡೆ ನಾಲ್ಕನ್ನೂ ಸೆರೆಹಿಡಿಯಿತು. ಅದರಲ್ಲೊಂದು 74 ಫಿರಂಗಿಗಳ ದುಗೇ-ತ್ರುವಾಂ. 1800ರಲ್ಲಿ ರೋಶ್‌ಫೋರ್‌ನಲ್ಲಿ ನೀರಿಗಿಳಿದ ಹಡಗು, ಫ್ರೆಂಚರ ಕೈಯಲ್ಲಿದ್ದದ್ದು ಐದೇ ವರ್ಷ. ಅದರ ಕ್ಯಾಪ್ಟನ್ ತುಫೆ ಆ ದಿನವೇ ಸತ್ತ.

ಬ್ರಿಟಿಷರು ಅದಕ್ಕೆ ಇಂಪ್ಲೇಕಬಲ್ ಎಂದು ಹೆಸರಿಟ್ಟರು. ಇದರ ನಕ್ಷೆ ಸಾನೆ ಎಂಬ ಎಂಜಿನಿಯರನದು. ಆ ಒಂದೇ ನಕ್ಷೆಯಲ್ಲಿ ನೂರಕ್ಕೂ ಹೆಚ್ಚು ಹಡಗುಗಳಾದವು. ಅಷ್ಟು ಚೆನ್ನಾಗಿತ್ತು ಅದರ ಒಡಲಿನ ಆಕಾರ.

ಆದರೆ ಹೆಸರು ಬದಲಿಸಿದ ಮಾತ್ರಕ್ಕೆ ಹಡಗು ಕಾಳಗಕ್ಕೆ ಒದಗುವುದಿಲ್ಲ. ದೊಡ್ಡ ತೊಡಕು ಫಿರಂಗಿಗಳದು. ಕೆಳ ಅಟ್ಟದಲ್ಲಿ 36 ಪೌಂಡಿನ ಗುಂಡು ಹಾರಿಸುವ ಫಿರಂಗಿಗಳು 28 ಇದ್ದವು, ಆದರೆ ಅದು ಬ್ರಿಟಿಷರದಕ್ಕಿಂತ ಭಾರವಾದ ಫ್ರೆಂಚ್ ಪೌಂಡು. ಅದರ ಗುಂಡು ಸುಮಾರು 17.6 ಕಿಲೋ, ಬ್ರಿಟಿಷರ 32 ಪೌಂಡಿನ ಗುಂಡು ಸುಮಾರು 14.5. ಬ್ರಿಟಿಷ್ ಉಗ್ರಾಣದ ಗುಂಡನ್ನು ಫ್ರೆಂಚ್ ನಳಿಗೆಗೆ ತುಂಬಿದರೆ ಸುತ್ತ ಸಂದು ಉಳಿಯುತ್ತದೆ. ಮದ್ದಿನ ಅನಿಲ ಅಲ್ಲಿಂದ ನುಸುಳಿ ದೂರವೂ ಗುರಿಯೂ ಕೆಡುತ್ತವೆ. ಹಾಗಾಗಿ ಇಂಥ ಹಡಗುಗಳ ಫಿರಂಗಿಗಳನ್ನು ತೆಗೆದು ಬ್ರಿಟಿಷ್ ಮಾದರಿಯವನ್ನು ಕೂಡಿಸುತ್ತಿದ್ದರು. ಹಗುರ ಗುಂಡನ್ನು ಎತ್ತಿ ತುಂಬುವುದೂ ಬೇಗ. ನನ್ನ ಮಟ್ಟಿಗೆ ಇದು ನಷ್ಟವಲ್ಲ, ಲಾಭವೇ.

1808ರಲ್ಲಿ ಬಾಲ್ಟಿಕ್ ಸಮುದ್ರದಲ್ಲಿ ಇದು ಸೆಂಟಾರ್ ಎಂಬ ಬ್ರಿಟಿಷ್ ಹಡಗಿನ ಜೊತೆ ಸೇರಿ ರಷ್ಯದ 74 ಫಿರಂಗಿಗಳ ವ್ಸೆವೊಲೊದ್ ಅನ್ನು ಸದೆಬಡಿಯಿತು. ಆ ಹಡಗು ನೆಲಕ್ಕೆ ಕಚ್ಚಿಕೊಂಡಿದ್ದರಿಂದ ಒಯ್ಯಲಾಗದೆ ಸುಟ್ಟುಹಾಕಿದರು. 1840ರಲ್ಲಿ ಸಿರಿಯಾ ಕರಾವಳಿಯ ಕಾರ್ಯಾಚರಣೆಯಲ್ಲೂ ಇಂಪ್ಲೇಕಬಲ್ ಇತ್ತು. 1855ರಿಂದ ಡೆವನ್‌ಪೋರ್ಟ್‌ನಲ್ಲಿ ಹುಡುಗರ ತರಬೇತಿ ಹಡಗಾಯಿತು.

ಇಂಪ್ಲೇಕಬಲ್ ಓಕ್ ಮರದ ಹಡಗು. ಓಕ್ ಮರಕ್ಕೆ ಒಂದು ದೋಷವಿದೆ: ಅದರ ಆಮ್ಲ ಕಬ್ಬಿಣದ ಮೊಳೆ, ಬೋಲ್ಟುಗಳನ್ನು ತಿನ್ನುತ್ತದೆ. ಮಳೆನೀರು ಅಟ್ಟದ ಸಂದುಗಳಿಂದ ಇಳಿದರೆ ಕೊಳೆ ಒಳಗಿನಿಂದಲೇ ಹಿಡಿಯುತ್ತದೆ. ಎಣ್ಣೆಯಂಶವಿರುವ ತೇಗಕ್ಕೆ ಆ ಕಾಟ ಕಡಿಮೆ. 1943ರಿಂದ ಇಂಪ್ಲೇಕಬಲ್ ಜೊತೆ ಒಂದೇ ತರಬೇತಿ ಸಂಸ್ಥೆಯ ಹಡಗಾಗಿದ್ದ ಟ್ರಿಂಕೋಮಲಿ ಬಾಂಬೆಯಲ್ಲಿ ವಾಡಿಯಾ ಮನೆತನದವರು 1817ರಲ್ಲಿ ಮಲಬಾರಿನ ತೇಗದಿಂದ ಕಟ್ಟಿದ್ದು. ಅದು ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ.

ಇಂಪ್ಲೇಕಬಲ್‌ಗೆ ಆ ಭಾಗ್ಯ ಸಿಗಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಹೊಸತು, ಅಷ್ಟು ದೊಡ್ಡ ದುರಸ್ತಿಗೆ ಹಣ ಹೂಡುವವರಿಲ್ಲ. ಫ್ರಾನ್ಸಿಗೆ ಕೊಡಲು ಹೋದರೆ ಅವರೂ ಒಲ್ಲೆವೆಂದರು. 1949ರ ಡಿಸೆಂಬರ್ 2ರಂದು ಎರಡೂ ದೇಶಗಳ ಬಾವುಟ ಏರಿಸಿ, ಇಂಗ್ಲಿಷ್ ಕಾಲುವೆಯಲ್ಲಿ ಸಿಡಿಮದ್ದಿಟ್ಟು ಮುಳುಗಿಸಿದರು. ಹಿಂಬದಿಯ ಕೆತ್ತನೆ ಮತ್ತು ಮೂತಿಯ ಶಿಲ್ಪ ಲಂಡನ್ನಿನ ಗ್ರೀನಿಚ್‌ನ ನೌಕಾ ಸಂಗ್ರಹಾಲಯದಲ್ಲಿವೆ. ಅಷ್ಟನ್ನಾದರೂ ಬಿಚ್ಚಿಟ್ಟುಕೊಂಡದ್ದು ಪುಣ್ಯ. ಇಡೀ ಹಡಗನ್ನೇ ಉಳಿಸಬೇಕಿತ್ತು ಎಂಬ ಸಿಟ್ಟು ನನಗೆ ಇನ್ನೂ ಇದೆ.