ಪ್ರಿಂಟ್ ಬರ್ತದೆ, ಸ್ಕ್ಯಾನ್ ಹೋಗ್ತಿಲ್ಲ

ಗೋಣಿಕೊಪ್ಪದ ನಮ್ಮ ಪತ್ರ ಬರೆಯುವ ಆಫೀಸಿನಲ್ಲಿ ಮಳೆಗಾಲ ಹಿಡಿದ ಮೇಲೆ ಪದೇ ಪದೇ ಕೇಳಿಬರುವ ಮಾತು ಇದು: "ಕಾಪಿ ಬರ್ತದೆ, ಪ್ರಿಂಟೂ ಬರ್ತದೆ, ಸ್ಕ್ಯಾನ್ ಮಾತ್ರ ಕಂಪ್ಯೂಟರಿಗೆ ಹೋಗ್ತಿಲ್ಲ." ಕೇಳಿದ ತಕ್ಷಣ ಎಲ್ಲರೂ ಕಾಪಿಯರಿನ ಮೇಲೆ ಮುಗಿಬೀಳುತ್ತಾರೆ. ಆಫ್ ಮಾಡು, ಆನ್ ಮಾಡು, ಮುಚ್ಚಳ ತೆಗೆ, ಮೆಕ್ಯಾನಿಕ್‌ಗೆ ಫೋನ್ ಮಾಡು. ಆದರೆ ಕೆಟ್ಟಿರುವುದು ಬಹುಪಾಲು ಸಲ ಆ ಮಷಿನ್ನೇ ಅಲ್ಲ.

ಪ್ರಿಂಟ್ ಕೊಟ್ಟಾಗ ಕಂಪ್ಯೂಟರು ಕಾಪಿಯರನ್ನು ಹುಡುಕಿಕೊಂಡು ಹೋಗುತ್ತದೆ. ಸ್ಕ್ಯಾನ್ ಮಾಡಿದಾಗ ದಿಕ್ಕು ತಿರುಗಿ, ಕಾಪಿಯರೇ ಕಂಪ್ಯೂಟರನ್ನು ಹುಡುಕಿಕೊಂಡು ಬಂದು, ಬಾಗಿಲು ತಟ್ಟಿ, ಹೆಸರು-ಪಾಸ್‌ವರ್ಡ್ ಹೇಳಿ, ಫೋಲ್ಡರಿನಲ್ಲಿ ಫೈಲ್ ಇಟ್ಟು ಹೋಗಬೇಕು. ಹಾಗಾಗಿ ಪ್ರಿಂಟ್ ಬರುತ್ತಿದೆ ಎಂಬುದರಿಂದ ಸ್ಕ್ಯಾನಿನ ಬಗ್ಗೆ ತಿಳಿಯುವುದು ಕೇಬಲ್ ಸರಿ ಇದೆ ಎಂಬುದಷ್ಟೇ. ಉಳಿದದ್ದೆಲ್ಲ ಕಂಪ್ಯೂಟರಿನ ಕಡೆ ನೋಡಬೇಕು.

ಇದು ನನಗೆ ಇಷ್ಟು ಮುಖ್ಯವಾಗಲು ಕಾರಣ ನಮ್ಮಲ್ಲಿಗೆ ಬರುವ ಕಾಗದಗಳು. ಕೊಡಗಿನ ಮನೆತನಗಳಿಗೆ ತಲೆತಲಾಂತರದಿಂದ ಬಂದ ಜಮ್ಮಾ ಹಿಡುವಳಿಯ ಹಳೆಯ ದಾಖಲೆಗಳು ಮಡಿಕೆ ಮಡಿಕೆಯಲ್ಲೂ ಸೀಳಿರುತ್ತವೆ. ಬಿರುನಾಣಿಯಿಂದಲೋ ಶ್ರೀಮಂಗಲದಿಂದಲೋ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಸುರಿಯುವ ಮಳೆಯಲ್ಲಿ ತಂದ ಹಿರಿಯರು ವಾಪಸ್ ಬಸ್ಸಿಗೆ ಹೊತ್ತಾಯಿತೆಂದು ಗಡಿಯಾರ ನೋಡುತ್ತಿರುತ್ತಾರೆ. ಬೆಂಗಳೂರಿನಲ್ಲಿರುವ ಮಗಳು ಪಿಡಿಎಫ್‌ಗೆ ಕಾಯುತ್ತಿರುತ್ತಾಳೆ. ಅಂಥ ಕಾಗದವನ್ನು "ಇನ್ನೊಂದು ಸಲ ನೋಡೋಣ" ಎಂದು ಮತ್ತೆ ಮತ್ತೆ ಗಾಜಿನ ಮೇಲೆ ಇಡುವುದು ನನಗೆ ಸಹಿಸದ ಕೆಲಸ. ಪರೀಕ್ಷೆಗೆ ಬಿಳಿ ಹಾಳೆ ಸಾಕು.

ಮೊದಲು ಪರದೆಯ ಮೇಲೆ ಬಂದ ಎರರ್ ಪೂರ್ತಿ ಓದಿ. ಕನೆಕ್ಷನ್ ಆಗಲಿಲ್ಲ ಎಂದರೆ ಕಾಪಿಯರಿಗೆ ಕಂಪ್ಯೂಟರು ಸಿಕ್ಕಿಲ್ಲ, ಅಥವಾ ಬಾಗಿಲು ಮುಚ್ಚಿದೆ. ಲಾಗಿನ್, ಅಥೆಂಟಿಕೇಷನ್ ಎಂದಿದ್ದರೆ ಕಂಪ್ಯೂಟರು ಸಿಕ್ಕಿದೆ, ಒಳಗೆ ಬಿಟ್ಟಿಲ್ಲ. ಎರಡರ ದಾರಿಯೂ ಬೇರೆ.

ನಮ್ಮ ಕಡೆ ಮೊದಲನೆಯದೇ ಜಾಸ್ತಿ, ಅದಕ್ಕೆ ಕಾರಣ ಕರೆಂಟು. ಗಾಳಿ ಮಳೆಗೆ ಮರ ಬಿದ್ದು ಲೈನ್ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಪ್ರತಿ ಸಲ ರೂಟರ್ ಹೊಸದಾಗಿ ಎದ್ದಾಗ ಕಂಪ್ಯೂಟರಿಗೆ ಬೇರೆ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ನಂಬರ್) ಕೊಟ್ಟುಬಿಡಬಹುದು. ನಿನ್ನೆ 192.168.1.5 ಇದ್ದದ್ದು ಇವತ್ತು 192.168.1.8. ಕಾಪಿಯರಿನ ಅಡ್ರೆಸ್ ಬುಕ್ಕಿನಲ್ಲಿ ಮಾತ್ರ ಹಳೆಯದೇ ಇರುತ್ತದೆ. ಮನೆ ಬದಲಿಸಿದವರಿಗೆ ಹಳೆಯ ವಿಳಾಸಕ್ಕೇ ಮದುವೆ ಕಾಗದ ಹೋದಂತೆ. ವಿಳಾಸ 169.254 ಎಂದು ಶುರುವಾದರೆ ರೂಟರಿನಿಂದ ವಿಳಾಸವೇ ಸಿಕ್ಕಿಲ್ಲ ಎಂದರ್ಥ. ಕಾಪಿಯರಿನಲ್ಲಿ ನಂಬರ್ ತಿದ್ದಿದರೆ ಅವತ್ತಿಗೆ ಸರಿಹೋಗುತ್ತದೆ, ಮುಂದಿನ ಮಳೆಗೆ ಮತ್ತೆ ಅದೇ ಕಥೆ. ರೂಟರಿನಲ್ಲಿ ಐಪಿ ಹಂಚುವ ಡಿಎಚ್‌ಸಿಪಿ ಸೆಟ್ಟಿಂಗಿಗೆ ಹೋಗಿ ಆ ಕಂಪ್ಯೂಟರಿನ ಮ್ಯಾಕ್ ಅಡ್ರೆಸ್ಸಿಗೆ (ಅದರ ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆಗೆ) ಒಂದೇ ಐಪಿ ಕಾಯ್ದಿರಿಸಿ. ಕೇಬಲ್ಲಿಗೆ ಒಂದು ಮ್ಯಾಕ್, ವೈಫೈಗೆ ಇನ್ನೊಂದು ಎಂಬುದು ನೆನಪಿರಲಿ.

ಸಿಡಿಲಿಗೆ ರೂಟರ್ ಹೋಗಿ ಹೊಸದು ತಂದಿದ್ದರೆ ಇನ್ನೊಂದು ತೊಡಕು. ವಿಂಡೋಸ್ ಅದನ್ನು ಹೊಸ ನೆಟ್‌ವರ್ಕ್ ಎಂದು ಎಣಿಸಿ 'ಪಬ್ಲಿಕ್' ಎಂದು ಗುರುತು ಹಾಕುತ್ತದೆ. ಆಗ ವಿಂಡೋಸಿನ ಕಾವಲುಗಾರನಾದ ಫೈರ್‌ವಾಲ್ ಫೈಲ್ ಹಂಚಿಕೆಯ ಬಾಗಿಲಾದ 445ನೇ ಪೋರ್ಟನ್ನು ಮುಚ್ಚಿಟ್ಟಿರುತ್ತದೆ. ಆಫೀಸಿನ ನೆಟ್‌ವರ್ಕಿಗೆ ಮಾತ್ರ 'ಪ್ರೈವೇಟ್' ಮಾಡಿ. ಫೈರ್‌ವಾಲನ್ನೇ ಆಫ್ ಮಾಡಿ ಎನ್ನುವವರ ಮಾತು ಕೇಳಬೇಡಿ. ಊಟ ಮುಗಿಸಿ ಬಂದ ಮೇಲೆ ಮಾತ್ರ ಸ್ಕ್ಯಾನ್ ಹೋಗುವುದಿಲ್ಲ ಎಂದಾದರೆ ಕಂಪ್ಯೂಟರು ಸ್ಲೀಪ್‌ಗೆ ಹೋಗಿದೆ, ಅಷ್ಟೇ.

ಲಾಗಿನ್ ಎರರ್ ಬಂದರೆ ಪಾಸ್‌ವರ್ಡ್ ನೋಡಿ. ಬೆಳಿಗ್ಗೆ ಕಂಪ್ಯೂಟರ್ ತೆರೆಯಲು ಒತ್ತುವ ಪಿನ್ ಕಾಪಿಯರಿಗೆ ನಡೆಯದು. ಅದಕ್ಕೆ ಅಕೌಂಟಿನ ನಿಜವಾದ ಪಾಸ್‌ವರ್ಡೇ ಬೇಕು. ಪಾಸ್‌ವರ್ಡ್ ಇಲ್ಲದ ಅಕೌಂಟನ್ನು ವಿಂಡೋಸ್ ನೆಟ್‌ವರ್ಕಿನ ಮೂಲಕ ಒಳಗೆ ಬಿಡುವುದಿಲ್ಲ. ಸ್ಕ್ಯಾನಿಗೆಂದೇ ಬೇರೆ ಲೋಕಲ್ ಯೂಸರ್ ಮಾಡಿ, ಒಂದೇ ಫೋಲ್ಡರಿಗೆ ಅವಕಾಶ ಕೊಡುವುದು ನನಗೆ ಒಪ್ಪಿಗೆಯಾದ ದಾರಿ. ಶೇರಿಂಗ್ ಮತ್ತು ಸೆಕ್ಯುರಿಟಿ ಎರಡೂ ಕಡೆ ಬರೆಯುವ ಅನುಮತಿ ಇರಬೇಕು. ಒಂದು ಕಡೆ ಬಿಟ್ಟರೂ ಫೈಲ್ ಬೀಳುವುದಿಲ್ಲ.

ಇನ್ನು ಹಳೆಯ ಕಾಪಿಯರು, ಹೊಸ ಕಂಪ್ಯೂಟರು ಸೇರಿದಾಗಿನ ಪೇಚು. ನೆಟ್‌ವರ್ಕಿನಲ್ಲಿ ಫೈಲ್ ಹಂಚಿಕೊಳ್ಳಲು ಮಷಿನ್‌ಗಳು ಆಡುವ ಭಾಷೆ ಎಸ್‌ಎಂಬಿ. ಕೆಲವು ಹಳೆಯ ಮಷಿನ್‌ಗಳಿಗೆ ಅದರ ಹಳೆಯ ರೂಪವಾದ ಎಸ್‌ಎಂಬಿ 1 ಬಿಟ್ಟು ಬೇರೆ ಭಾಷೆ ಬಾರದು. 2017ರ ಮೇ ತಿಂಗಳಲ್ಲಿ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನ್ನಾಕ್ರೈ ಎಂಬ ದುಷ್ಟ ಪ್ರೋಗ್ರಾಂ ಜಗತ್ತಿನ ಕಂಪ್ಯೂಟರುಗಳಿಗೆ ಹರಡಿದ್ದು ಅದರಲ್ಲಿದ್ದ ದೋಷದ ಮೂಲಕವೇ. ಆ ವರ್ಷದ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಹೊಸದಾಗಿ ಹಾಕಿದ ವಿಂಡೋಸಿನಲ್ಲಿ ಎಸ್‌ಎಂಬಿ 1 ತಾನಾಗಿ ಬರುವುದಿಲ್ಲ. "ಅದನ್ನೊಂದು ಆನ್ ಮಾಡಿಬಿಡಿ, ಸರಿಹೋಗ್ತದೆ" ಎಂದು ಸಲಹೆ ಕೊಡುವವರು ಇದ್ದಾರೆ. ಸರಿಹೋಗುವುದೂ ನಿಜ. ಆದರೆ ನಮ್ಮ ಕಂಪ್ಯೂಟರಿನಲ್ಲಿ ಜನರ ಆಧಾರ್ ಪ್ರತಿ, ಆರ್‌ಟಿಸಿ, ಮನೆತನದ ಪಾಲುಪಟ್ಟಿ ಇವೆ. ನಂಬಿ ಕೊಟ್ಟವರ ಕಾಗದ ಇಟ್ಟುಕೊಂಡು ಆ ಬಾಗಿಲು ತೆರೆಯಲು ನಾನು ಒಪ್ಪುವುದಿಲ್ಲ.

ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಬಂದ ಮೇಲೆ ಪ್ರೊ ಆವೃತ್ತಿಯಲ್ಲಿ ಎಸ್‌ಎಂಬಿ ಸೈನಿಂಗ್, ಅಂದರೆ ಕಳಿಸುವ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ, ತಾನಾಗಿಯೇ ಕಡ್ಡಾಯವಾಗಿರುತ್ತದೆ. ಕಾಪಿಯರಿನ ಸೆಟ್ಟಿಂಗಿನಲ್ಲಿ ಎಸ್‌ಎಂಬಿ 2 ಅಥವಾ 3, ಸೈನಿಂಗ್ ಎಂಬ ಆಯ್ಕೆಗಳಿವೆಯೇ ನೋಡಿ. ಇಲ್ಲದಿದ್ದರೆ ಫರ್ಮ್‌ವೇರಿಗೆ, ಅಂದರೆ ಮಷಿನ್ನಿನೊಳಗಿನ ಸಾಫ್ಟ್‌ವೇರಿಗೆ, ಅಪ್‌ಡೇಟ್ ಇದೆಯೇ ಎಂದು ಸರ್ವೀಸಿನವರನ್ನು ಕೇಳಿ. ಅದೂ ಆಗದಿದ್ದರೆ ಪೆನ್‌ಡ್ರೈವ್. ನಾಲ್ಕು ಹೆಜ್ಜೆ ಹೆಚ್ಚು ನಡೆಯಬೇಕು, ಕಾಯುತ್ತಿರುವವರ ಪಿಡಿಎಫ್ ಅವರು ಬಸ್ ಹತ್ತುವ ಮೊದಲು ಹೋಗುತ್ತದೆ.